ಒಡೆದ ಕುಕ್ಕರ್ ಅಂಗಡಿಗೆ ಹಿಂತಿರುಗಿಸಬೇಡಿ

ಪ್ರಶ್ನೆ: ನಾವು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯವರು. ಹೋದ ವರ್ಷ ಸಂಕ್ರಾಂತಿಯ ಹಿಂದಿನ ದಿನ ಅಮ್ಮ ಅವರೆಕಾಳು ಬೇಯಲು ಇಟ್ಟಿದ್ದ ಕುಕ್ಕರ್ ಸಿಡಿದು ಆಕೆಯ ಕೆನ್ನೆ, ಕುತ್ತಿಗೆ ಮತ್ತು ಬಲಗೈ ಸುಟ್ಟವು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ, ಆಮೇಲೆ ಬೆಂಗಳೂರಿನ ವಿಕ್ಟೋರಿಯಾದಲ್ಲಿ 23 ದಿನ. ಈಗಲೂ ಬಲಗೈ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಹಾಲು ಕರೆಯಲಾಗದೆ ಮೂರು ಹಸುಗಳಲ್ಲಿ ಎರಡನ್ನು ಮಾರಿದೆವು. ಕುಕ್ಕರ್ ಹೊಸದು, ಅದಕ್ಕೂ ಹಿಂದಿನ ದೀಪಾವಳಿಗೆ ತಮ್ಮ ಕೋಲಾರದ ಅಂಗಡಿಯೊಂದರಲ್ಲಿ 1,850 ರೂಪಾಯಿ ಮೊಬೈಲ್‌ನಲ್ಲೇ ಪಾವತಿಸಿ ತಂದಿದ್ದ. ಬಿಲ್ ಕೊಟ್ಟಿರಲಿಲ್ಲ. ಪೆಟ್ಟಿಗೆಯ ಮೇಲಿದ್ದ ಹೊರರಾಜ್ಯದ ವಿಳಾಸಕ್ಕೆ ಬರೆದ ಪತ್ರ ವಾಪಸ್ ಬಂತು. ಅಂಗಡಿಯವರು, ‘ಹಳೆಯದನ್ನು ತಂದುಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿ, ಹೊಸದು ಕೊಡುತ್ತೇವೆ’ ಎನ್ನುತ್ತಿದ್ದಾರೆ. ಅಮ್ಮ ಮಾತ್ರ, ‘ನಾನೇ ಕಾಳು ಜಾಸ್ತಿ ಹಾಕಿದೆನೇನೋ’ ಎಂದು ಕೊರಗುತ್ತಾಳೆ. ನಮಗೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ಆದರೆ ಅದಕ್ಕೂ ಮೊದಲು ಒಂದು ಮಾತು. ಆ ಒಡೆದ ಕುಕ್ಕರ್ ಅನ್ನು ಯಾರ ಕೈಗೂ ಕೊಡಬೇಡಿ. ಅಂಗಡಿಯವರಿಗೂ ಬೇಡ, ಕಂಪನಿಯ ಕಡೆಯವರೆಂದು ಹೇಳಿಕೊಂಡು ಬರುವವರಿಗೂ ಬೇಡ, ‘ನೋಡಿ ಹೇಳುತ್ತೇನೆ’ ಎನ್ನುವ ಪರಿಚಯದ ರಿಪೇರಿಯವರಿಗೂ ಬೇಡ. ಅವರು ನೀಡುತ್ತಿರುವ ಹೊಸ ಕುಕ್ಕರ್‌ನ ಬೆಲೆ 1,850 ರೂಪಾಯಿ. ನಿಮ್ಮ ಮನೆಯ ಮೂಲೆಯಲ್ಲಿ ಬಿದ್ದಿರುವ ಆ ಲೋಹದ ಚೂರುಗಳ ಬೆಲೆ ಅದರ ನೂರಾರು ಪಟ್ಟು, ಏಕೆಂದರೆ ನಡೆದದ್ದನ್ನು ಹೇಳಬಲ್ಲ ಸಾಕ್ಷಿ ಅದೊಂದೇ. ನನ್ನ ವೃತ್ತಿಯಲ್ಲಿ ಇಂಥ ಪ್ರಕರಣಗಳು ಕೈಜಾರಿದ್ದು ಕಾನೂನು ದುರ್ಬಲವಾಗಿದ್ದರಿಂದಲ್ಲ, ಹೆಚ್ಚಿನ ಸಲ ವಸ್ತುವೇ ಇಲ್ಲದೆ ಹೋದದ್ದರಿಂದ. ಮಿಕ್ಸಿಯೋ ಗೀಸರೋ ಗುಜರಿಗೆ ಹೋದ ಮೇಲೆ ಗಾಯ ತೋರಿಸಬಹುದು, ದೋಷ ತೋರಿಸಲಾಗದು.

ಆದ್ದರಿಂದ ಇವತ್ತೇ ಕುಕ್ಕರ್‌ನ ಪಾತ್ರೆ, ಮುಚ್ಚಳ, ವೆಯ್ಟ್, ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಸಿಕ್ಕಷ್ಟು ಚೂರುಗಳನ್ನೆಲ್ಲ ಒಂದೆಡೆ ಸೇರಿಸಿ. ತೊಳೆಯಬೇಡಿ. ಒಣಗಿ ಅಂಟಿದ ಅವರೆಕಾಳು ಕೂಡ ಹಾಗೆಯೇ ಇರಲಿ. ಹಬೆ ಹೋಗುವ ತೂತು ಕಟ್ಟಿಕೊಂಡಿತ್ತೇ ಇಲ್ಲವೇ ಎಂಬುದು ನಾಳೆ ಅದರಿಂದಲೇ ತಿಳಿಯಬಹುದು. ಎಲ್ಲ ಕೋನಗಳಿಂದ ಫೋಟೊ ತೆಗೆದು, ಬಟ್ಟೆಯಲ್ಲಿ ಕಟ್ಟಿ, ಊರಿನ ಇಬ್ಬರ ಎದುರಿನಲ್ಲಿ ದಾರ ಬಿಗಿದು, ದಿನಾಂಕ ಬರೆದು ಅವರಿಂದ ಸಹಿ ಹಾಕಿಸಿ. ಫೋಟೊ ತೆಗೆದ ಮೊಬೈಲನ್ನು ಮಾರಬೇಡಿ. ಅಂಗಡಿಯವರ ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಅಳಿಸಬೇಡಿ. ಅವನ್ನು ಪುರಾವೆಯಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಮೊಬೈಲ್ ಇದ್ದರೆ ಸುಲಭ. ಅವರು ಸಹಿ ಕೇಳುತ್ತಿರುವ ಕಾಗದವನ್ನು ನಾನು ನೋಡಿಲ್ಲ. ಆದರೆ ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ ಎಂದುಕೊಂಡೇ ನಡೆದುಕೊಳ್ಳಿ.

ಇನ್ನು ನಿಮ್ಮ ತಾಯಿಯ ಕೊರಗಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದೂ ಇದೇ ಎಳೆಯನ್ನು. ಕುಕ್ಕರ್‌ನಲ್ಲಿ ಒತ್ತಡ ಏರಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಹೆಚ್ಚಾದ ಹಬೆ ವೆಯ್ಟ್ ಎತ್ತಿ ಸೀಟಿಯಾಗಿ ಹೊರಗೆ ಹೋಗಬೇಕು. ಅವರೆಕಾಳು, ತೊಗರಿಬೇಳೆ ನೊರೆ ಉಕ್ಕಿಸುತ್ತವೆ, ಸಿಪ್ಪೆ ಮೇಲೇಳುತ್ತದೆ, ತೂತು ಕಟ್ಟಿಕೊಳ್ಳುವುದುಂಟು. ಇದು ಕುಕ್ಕರ್ ತಯಾರಿಸುವ ಪ್ರತಿಯೊಬ್ಬನಿಗೂ ಗೊತ್ತಿರುವ ಸಂಗತಿ. ಅದಕ್ಕಾಗಿಯೇ ಎರಡನೆಯ ಕಾವಲಾಗಿ ಸೇಫ್ಟಿ ವಾಲ್ವ್ ಇರುತ್ತದೆ. ಒಳಗಿನ ಬಿಸಿ ಮಿತಿ ಮೀರಿದರೆ ಅದರ ನಡುವಿನ ಮೃದು ಲೋಹ ಕರಗಿ ಹಬೆಗೆ ದಾರಿ ಬಿಡಬೇಕು. ಹಲವು ಮಾದರಿಗಳಲ್ಲಿ ಮೂರನೆಯ ಕಾವಲೂ ಇದೆ, ಗ್ಯಾಸ್ಕೆಟ್ ಒಂದು ಕಿಂಡಿಯಲ್ಲಿ ಹೊರಕ್ಕೆ ಉಬ್ಬಿ ಒತ್ತಡ ಇಳಿಸುತ್ತದೆ. ಅಂದರೆ ಅಡುಗೆಮನೆಯಲ್ಲಿ ಒಂದು ಹಿಡಿ ಕಾಳು ಹೆಚ್ಚಾದೀತು ಎಂಬುದನ್ನು ಮೊದಲೇ ಲೆಕ್ಕ ಹಿಡಿದು ಮಾಡಬೇಕಾದ ವಸ್ತು ಅದು. ಮೂರು ತಿಂಗಳ ಹೊಸ ಕುಕ್ಕರ್‌ನಲ್ಲಿ ತೂತು ಕಟ್ಟಿಕೊಂಡಿತು, ವಾಲ್ವ್ ಕರಗಲಿಲ್ಲ, ಮುಚ್ಚಳ ಹಾರಿತು ಎಂದಾದರೆ ಕೇಳಬೇಕಾದ ಪ್ರಶ್ನೆ ಕಾಳಿನ ಅಳತೆಯದಲ್ಲ. ಆ ವಾಲ್ವ್ ಏಕೆ ಕರಗಲಿಲ್ಲ ಎಂಬುದು.

ಕಾನೂನು ಕೂಡ ಇದೇ ದಾರಿಯಲ್ಲಿ ಯೋಚಿಸುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಹೊಸ ಅಧ್ಯಾಯವೇ ಸೇರಿತು. 82ರಿಂದ 87ನೇ ಕಲಮುಗಳು. 1986ರ ಹಳೆಯ ಕಾಯ್ದೆಯಲ್ಲಿ ಇಂಥ ಪ್ರತ್ಯೇಕ ಅಧ್ಯಾಯ ಇರಲಿಲ್ಲ. ತಯಾರಿಕೆಯಲ್ಲಿ ದೋಷವಿದ್ದರೆ, ವಿನ್ಯಾಸದಲ್ಲೇ ದೋಷವಿದ್ದರೆ, ನಿಗದಿತ ಅಳತೆ ಗುಣಮಟ್ಟ ತಪ್ಪಿದ್ದರೆ, ಕೊಟ್ಟ ಭರವಸೆಗೆ ವಸ್ತು ತಕ್ಕದಾಗಿರದಿದ್ದರೆ ತಯಾರಕ ಹೊಣೆಗಾರ. ಸರಿಯಾಗಿ ಬಳಸುವ ಸೂಚನೆಯನ್ನು, ತಪ್ಪಾಗಿ ಬಳಸಿದರೆ ಆಗುವ ಅಪಾಯದ ಎಚ್ಚರಿಕೆಯನ್ನು ಸಾಕಷ್ಟು ಕೊಡದಿದ್ದರೂ ಅವನೇ ಹೊಣೆಗಾರ. ಕಂಪನಿಯಲ್ಲಿ ಯಾರು ಅಜಾಗರೂಕರಾಗಿದ್ದರು ಎಂದು ನೀವು ಹುಡುಕಿ ತೋರಿಸಬೇಕಾಗಿಲ್ಲ. ದೋಷ ಇತ್ತು, ಅದರಿಂದಲೇ ಗಾಯವಾಯಿತು, ಈ ಎರಡನ್ನು ತೋರಿಸಿದರೆ ಸಾಕು.

ಕೊನೆಯದಾಗಿ ಹೇಳಿದ ಆ ಸೂಚನೆಯ ಅಂಶ ನಿಮ್ಮ ಮಟ್ಟಿಗೆ ಮುಖ್ಯವಾಗಬಹುದು. ಪೆಟ್ಟಿಗೆಯಲ್ಲಿದ್ದ ಕೈಪಿಡಿ ಯಾವ ಭಾಷೆಯಲ್ಲಿದೆ ನೋಡಿ. ಮನೆಯಲ್ಲಿ ತೆಲುಗು ಮಾತನಾಡಿ, ಶಾಲೆಯಲ್ಲಿ ಕನ್ನಡ ಕಲಿತ ಎಷ್ಟೋ ತಾಯಂದಿರು ನಮ್ಮ ಗಡಿ ತಾಲ್ಲೂಕುಗಳಲ್ಲಿದ್ದಾರೆ. ‘ಉಬ್ಬುವ ಧಾನ್ಯವನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು’ ಎಂಬ ಸಾಲು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾಗಿದ್ದರೆ ಅದು ಎಚ್ಚರಿಕೆ ಕೊಟ್ಟಂತಾಯಿತೇ? ಸಾಕಾಗದು ಎಂದು ನಾನು ವಾದಿಸುತ್ತೇನೆ. ದೂರು ಕೇಳುವ ಗ್ರಾಹಕ ಆಯೋಗ ಒಪ್ಪಿಯೇ ತೀರುತ್ತದೆ ಎನ್ನಲಾರೆ, ಆದರೆ ಬಿಟ್ಟುಕೊಡಬೇಕಾದ ವಾದವಲ್ಲ.

87ನೇ ಕಲಮು ತಯಾರಕರಿಗೂ ಮಾರಾಟಗಾರರಿಗೂ ಕೆಲವು ರಕ್ಷಣೆ ಕೊಡುತ್ತದೆ. ವಸ್ತುವನ್ನು ದುರುಪಯೋಗ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಹೊಣೆ ತಪ್ಪಬಹುದು, ಎಲ್ಲರಿಗೂ ತಿಳಿದಿರುವ ಅಪಾಯದ ಬಗ್ಗೆ ಎಚ್ಚರಿಸಲಿಲ್ಲ ಎಂದೂ ದೂರುವಂತಿಲ್ಲ. ಹಾಗಾಗಿ ಒಂದು ಪ್ರಶ್ನೆಗೆ ಮನೆಯವರೆಲ್ಲ ಕುಳಿತು ನಿಜವಾದ ಉತ್ತರ ಕಂಡುಕೊಳ್ಳಿ: ಆ ಮೂರು ತಿಂಗಳಲ್ಲಿ ಗ್ಯಾಸ್ಕೆಟ್ ಅಥವಾ ವಾಲ್ವ್ ಬದಲಿಸಿದ್ದಿರಾ? ಸಂತೆಯಲ್ಲಿ ಸಿಗುವ ಬೇರೆ ತಯಾರಿಕೆಯ ವಾಲ್ವ್ ಹಾಕಿಸಿದ್ದರೆ ಪ್ರಕರಣದ ಬಲ ಕುಗ್ಗುತ್ತದೆ. ಹಾಕಿಸಿಲ್ಲವಾದರೆ, ಮೂಲ ಬಿಡಿಭಾಗಗಳೇ ಇದ್ದವು ಎಂದು ದೂರಿನ ಜೊತೆ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸ್ಪಷ್ಟವಾಗಿ ಬರೆಯಿರಿ.

‘ಕೊಂಡವನು ತಮ್ಮ, ಗಾಯವಾದದ್ದು ಅಮ್ಮನಿಗೆ’ ಎಂಬ ಅಳುಕು ಬೇಡ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಎಂದು 2(7)ನೇ ಕಲಮು ಹೇಳುತ್ತದೆ. ಈ ಪ್ರಶ್ನೆ ಹಳೆಯದು. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಗೆಳತಿ ಕೊಡಿಸಿದ ಶುಂಠಿ ಪಾನೀಯದ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ಡೊನಾಹ್ಯೂ ಎಂಬ ಮಹಿಳೆ ದಾವೆ ಹೂಡಿದಾಗ, ‘ಹಣ ಕೊಟ್ಟವಳು ನೀನಲ್ಲವಲ್ಲ’ ಎಂಬ ತಕರಾರು ಎದುರಾಯಿತು. 1932ರಲ್ಲಿ ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಆ ತಕರಾರನ್ನು ತಳ್ಳಿಹಾಕಿ, ಕೊನೆಗೆ ಬಳಸುವವರ ಕುರಿತೂ ತಯಾರಕನಿಗೆ ಎಚ್ಚರಿಕೆಯ ಕರ್ತವ್ಯವಿದೆ ಎಂದಿತು. ಕಾನೂನು ಓದಿದವರೆಲ್ಲ ಮೊದಲ ವರ್ಷವೇ ಕಲಿಯುವ ಪಾಠ ಇದು. ಈಗ ನಮ್ಮ ಕಾಯ್ದೆಯಲ್ಲೇ ಅದಕ್ಕೆ ಉತ್ತರ ಬರೆದಿದೆ. ದೂರುದಾರರು ನಿಮ್ಮ ತಾಯಿಯೇ ಆಗಿರಲಿ, ತಮ್ಮ ಸಾಕ್ಷಿಯಾಗಲಿ.

ಬಿಲ್ ಇಲ್ಲದಿರುವುದು ತೊಡಕು ನಿಜ, ಆದರೆ ಅಡ್ಡಗೋಡೆಯಲ್ಲ. ತಮ್ಮನ ಬ್ಯಾಂಕ್ ಖಾತೆಯ ವಿವರದಲ್ಲಿ ಆ ದಿನ ಅಂಗಡಿಯವರ ಹೆಸರಿಗೆ 1,850 ರೂಪಾಯಿ ಹೋಗಿರುವುದು ದಾಖಲಾಗಿದೆ, ಬ್ಯಾಂಕಿನಿಂದ ಮುದ್ರೆ ಹಾಕಿದ ಪ್ರತಿ ತೆಗೆದುಕೊಳ್ಳಿ. ಪೆಟ್ಟಿಗೆ, ವಾರಂಟಿ ಕಾರ್ಡ್, ಹಳೆಯದನ್ನು ತಂದುಕೊಡಿ ಎಂದ ಅಂಗಡಿಯವರ ಮಾತು, ಇವೆಲ್ಲ ಮಾರಾಟವನ್ನೇ ಸಾರುತ್ತವೆ. ಅಷ್ಟೇ ಅಲ್ಲ, ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಇದೇ ಕಾಯ್ದೆ ಹೇಳುತ್ತದೆ. ಅದನ್ನು ದೂರಿನಲ್ಲಿ ಪ್ರತ್ಯೇಕ ಆರೋಪವಾಗಿ ಸೇರಿಸಿ.

ವಾಪಸ್ ಬಂದ ಆ ಪತ್ರ ನಿಮಗೆ ನಿರಾಶೆ ತಂದಿರಬಹುದು. ನನಗೆ ಅದು ಒಳ್ಳೆಯ ಪುರಾವೆಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಮಾರುವವನು ‘ನಾನು ಕೇವಲ ಮಾರಿದೆ, ಮಾಡಿದವನು ಬೇರೆ’ ಎಂದು ನುಣುಚಿಕೊಳ್ಳಬಹುದು. ಆದರೆ ತಯಾರಕ ಯಾರೆಂದೇ ತಿಳಿಯದಿದ್ದರೆ, ಅಥವಾ ತಿಳಿದಿದ್ದರೂ ಅವನಿಗೆ ನೋಟಿಸ್ ತಲುಪಿಸಲಾಗದಿದ್ದರೆ ಮಾರಾಟಗಾರನೇ ಹೊಣೆ ಹೊರಬೇಕು ಎನ್ನುತ್ತದೆ 86ನೇ ಕಲಮು. ಅಂಚೆಯ ಷರಾ ಇರುವ ಆ ಲಕೋಟೆಯನ್ನು ತೆರೆಯದೆ ಹಾಗೆಯೇ ಇಡಿ. ಅಂಗಡಿ ಮತ್ತು ತಯಾರಕ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಇನ್ನೊಂದು ನೋಟಿಸ್ ಕಳಿಸಿ, ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಈಗ ಕುಕ್ಕರ್‌ನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ, ಮುಟ್ಟದೆ, ಫೋಟೊದಲ್ಲೇ ಸಾಕು. ಮನೆಬಳಕೆಯ ಪ್ರೆಶರ್ ಕುಕ್ಕರ್‌ಗಳಿಗೆ ಆ ಗುರುತು 2021ರ ಫೆಬ್ರುವರಿ 1ರಿಂದ ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಎಂಬ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಗುರುತೇ ಇಲ್ಲ ಅಥವಾ ಖೋಟಾ ಎಂದು ಕಂಡರೆ ನಿಮ್ಮ ಕೆಲಸ ಅರ್ಧ ಮುಗಿದಂತೆ, ಏಕೆಂದರೆ ಕಾನೂನು ಕಡ್ಡಾಯ ಮಾಡಿದ ಮಾನಕಕ್ಕೆ ಕೊರತೆಯಾಗಿರುವುದನ್ನೇ ಕಾಯ್ದೆ ‘ದೋಷ’ ಎಂದು ಕರೆಯುತ್ತದೆ. ಅಂಥ ವಸ್ತು ತಯಾರಿಸುವುದೂ ಮಾರುವುದೂ ಬಿಐಎಸ್ ಕಾಯ್ದೆಯಡಿ ಅಪರಾಧ. ಬೆಂಗಳೂರಿನ ಪೀಣ್ಯದಲ್ಲಿರುವ ಬಿಐಎಸ್ ಕಚೇರಿಗೆ ದೂರು ಕೊಡಿ. ಜಿಲ್ಲಾಧಿಕಾರಿಯವರ ಮೂಲಕವೋ ನೇರವಾಗಿಯೋ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಬರೆಯಿರಿ. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸುವ ಅಧಿಕಾರ ಅದಕ್ಕಿದೆ. 2022ರಲ್ಲಿ ದೊಡ್ಡ ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಮಾರಾಟವಾಗಿದ್ದ 2,265 ಕುಕ್ಕರ್‌ಗಳನ್ನು ವಾಪಸ್ ಪಡೆದು ಹಣ ಮರಳಿಸಬೇಕೆಂದು ಅದು ಆದೇಶಿಸಿತ್ತು. ಪ್ರಾಧಿಕಾರ ನಿಮ್ಮ ತಾಯಿಗೆ ಪರಿಹಾರ ಕೊಡಿಸುವುದಿಲ್ಲ, ಅದು ಆಯೋಗದ ಕೆಲಸ. ಆದರೆ ಅದೇ ಅಂಗಡಿಯ ಅಟ್ಟದ ಮೇಲೆ ಅದೇ ಕುಕ್ಕರ್‌ಗಳು ಇನ್ನೂ ಇದ್ದಾವು, ಯಾರದೋ ಮನೆಗೆ ಮದುವೆಯ ಉಡುಗೊರೆಯಾಗಿ ಹೋದಾವು. ಅದಕ್ಕಾಗಿಯಾದರೂ ಬರೆಯಿರಿ.

ಪರಿಹಾರಕ್ಕೆ ನೀವು ಹೋಗಬೇಕಾದದ್ದು ಕೋಲಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಕಂಪನಿ ಯಾವ ರಾಜ್ಯದಲ್ಲೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಮಾಡಿದ ದೊಡ್ಡ ಉಪಕಾರ ಇದು. ನೀವು ಎಷ್ಟು ಪರಿಹಾರ ಕೇಳುತ್ತೀರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ವಸ್ತುವಿಗೆ ಕೊಟ್ಟ ಬೆಲೆ ಮಾತ್ರ ಲೆಕ್ಕ. 50 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗ. ಬೆಲೆ 5 ಲಕ್ಷ ದಾಟದಿದ್ದರೆ ಶುಲ್ಕವೂ ಇಲ್ಲ. ಹಾಗಾಗಿ 1,850 ರೂಪಾಯಿಯ ಕುಕ್ಕರ್‌ಗೆ ಹತ್ತು ಲಕ್ಷ ಪರಿಹಾರ ಕೇಳಿದರೂ ನೀವು ಕಟ್ಟಬೇಕಾದ ಶುಲ್ಕ ಸೊನ್ನೆ. ಈ ಲೆಕ್ಕಾಚಾರ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. 2025ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಗಡುವು ಎರಡು ವರ್ಷ, ಘಟನೆ ನಡೆದ ದಿನದಿಂದ. ಹದಿನಾಲ್ಕು ತಿಂಗಳು ಕಳೆದಿವೆ, ಮುಂದಿನ ಸಂಕ್ರಾಂತಿಗೆ ಮೊದಲೇ ದೂರು ಸಲ್ಲಿಸಿ. ತಡವಾದರೆ ಸಕಾರಣ ತೋರಿಸಿ ಕ್ಷಮೆ ಕೋರುವ ಅವಕಾಶವಿದೆಯಾದರೂ ಅದನ್ನು ನಂಬಿ ಕೂರಬೇಡಿ. ವಕೀಲರು ಕಡ್ಡಾಯವಲ್ಲ, ದೂರನ್ನು ನೀವೇ ಮಂಡಿಸಬಹುದು. ಆದರೆ ನಿಮ್ಮದು ವಸ್ತುವಿನ ತಾಂತ್ರಿಕ ಪರೀಕ್ಷೆ ಬೇಡುವ ಪ್ರಕರಣ, ವಕೀಲರಿದ್ದರೆ ಒಳ್ಳೆಯದು. ಹಣದ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕೋಲಾರದ ಜಿಲ್ಲಾ ಪ್ರಾಧಿಕಾರಕ್ಕೆ ತಾಯಿಯ ಹೆಸರಿನಲ್ಲಿ ಒಂದು ಅರ್ಜಿ ಸಾಕು, 15100 ಸಹಾಯವಾಣಿಗೂ ಕರೆ ಮಾಡಬಹುದು.

ದೂರಿನ ಜೊತೆಗೇ ಇನ್ನೊಂದು ಅರ್ಜಿ ಹಾಕಿ, ಕುಕ್ಕರ್ ಅನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕೆಂದು. 38ನೇ ಕಲಮಿನಡಿ ಆಯೋಗವೇ ವಸ್ತುವನ್ನು ಪಡೆದು, ಮೊಹರು ಹಾಕಿ ಕಳಿಸುತ್ತದೆ. 45 ದಿನಗಳಲ್ಲಿ ವರದಿ ಬರಬೇಕೆಂಬ ನಿಯಮವಿದೆ. ಪರೀಕ್ಷೆಯ ವೆಚ್ಚವನ್ನು ಮೊದಲು ನೀವು ಠೇವಣಿ ಇಡಬೇಕಾಗಬಹುದು. ನೀವೇ ಯಾವುದೋ ವರ್ಕ್‌ಶಾಪ್‌ನಲ್ಲಿ ಕತ್ತರಿಸಿ ಪರೀಕ್ಷೆ ಮಾಡಿಸಿದರೆ ಆ ವರದಿಯೂ ನಿಲ್ಲದು, ಸಾಕ್ಷ್ಯವೂ ಹಾಳಾಗುತ್ತದೆ. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ವರ್ಷ ದಾಟುವುದನ್ನು ನಾನು ಕಂಡಿದ್ದೇನೆ, ಅಷ್ಟು ತಾಳ್ಮೆ ಇರಲಿ.

ಪರಿಹಾರದ ಮೊತ್ತವನ್ನು ಗಾಳಿಯಲ್ಲಿ ಹೇಳಬೇಡಿ. ಇಲ್ಲಿ ಒಂದು ಸೂಕ್ಷ್ಮವಿದೆ. ಉತ್ಪನ್ನ ಹೊಣೆಗಾರಿಕೆಯಲ್ಲಿ ‘ಹಾನಿ’ ಎಂದರೆ ದೇಹಕ್ಕಾದ ಗಾಯ, ಅದರ ಜೊತೆಗಿನ ಮಾನಸಿಕ ಯಾತನೆ, ಬೇರೆ ಆಸ್ತಿಗಾದ ನಷ್ಟ. ಕುಕ್ಕರ್ ಹಾಳಾದದ್ದು ಆ ಲೆಕ್ಕದಲ್ಲಿ ಬರುವುದಿಲ್ಲ, ಅದರ ಬೆಲೆಯನ್ನು ದೋಷಪೂರಿತ ಸರಕು ಎಂದು ಬೇರೆಯಾಗಿ ಕೇಳಬೇಕು. ವಾಣಿಜ್ಯ ಅಥವಾ ಆರ್ಥಿಕ ನಷ್ಟವೂ ಅದರಿಂದ ಹೊರಗೆ. ‘ಹಸು ಮಾರಿದ್ದು ವ್ಯಾಪಾರದ ನಷ್ಟ’ ಎಂದು ಎದುರಿನವರು ವಾದಿಸಿಯೇ ವಾದಿಸುತ್ತಾರೆ. ಆದ್ದರಿಂದ ಹಸುಗಳ ನಷ್ಟ ಎಂದು ಬರೆಯದೆ, ಬಲಗೈಯ ಗಾಯದಿಂದ ದುಡಿಯುವ ಶಕ್ತಿ ಕುಂದಿದ್ದು ಎಂದು ಬರೆಯಿರಿ. ಅದು ದೇಹದ ಗಾಯದ್ದೇ ಭಾಗ. ಇದಕ್ಕೆ ನಿಮ್ಮಲ್ಲಿ ಅಪರೂಪದ ದಾಖಲೆಯಿದೆ. ಬೇರೆ ಕೂಲಿ ಕೆಲಸದವರಿಗೆ ಆದಾಯ ತೋರಿಸುವುದೇ ಕಷ್ಟ. ನಮ್ಮ ಜಿಲ್ಲೆಯ ಹಾಲು ಉತ್ಪಾದಕರಿಗೆ ಆ ಕಷ್ಟವಿಲ್ಲ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಜಿಡ್ಡು ಎಷ್ಟು ಎಂದು ಊರಿನ ಸಹಕಾರ ಸಂಘದ ಪುಸ್ತಕದಲ್ಲಿ ದಿನದಿನವೂ ಬರೆದಿರುತ್ತದೆ. ಲೀಟರಿಗೆ 5 ರೂಪಾಯಿಯ ಸರ್ಕಾರಿ ಪ್ರೋತ್ಸಾಹಧನ ಖಾತೆಗೆ ಜಮೆಯಾದ ದಾಖಲೆ ಬ್ಯಾಂಕಿನಲ್ಲಿರುತ್ತದೆ. ಸಂಕ್ರಾಂತಿಗೆ ಹಿಂದಿನ ಒಂದು ವರ್ಷದ್ದು, ಆಮೇಲಿನ ಒಂದು ವರ್ಷದ್ದು ಎರಡನ್ನೂ ಸಂಘದ ಕಾರ್ಯದರ್ಶಿಯಿಂದ ದೃಢೀಕರಿಸಿ ತನ್ನಿ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ವಾದವೇ ಬೇಕಾಗುವುದಿಲ್ಲ.

ಎರಡೂ ಆಸ್ಪತ್ರೆಗಳ ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ, ದಾಖಲಾಗಿದ್ದರೆ ಪೊಲೀಸರಿಗೆ ತಿಳಿಸಲು ಆಸ್ಪತ್ರೆ ಬರೆಯುವ ಎಂಎಲ್‌ಸಿ ಪ್ರತಿ, ಔಷಧಿ ಚೀಟಿ, ಬೆಂಗಳೂರಿಗೆ ಓಡಾಡಿದ ಖರ್ಚು ಎಲ್ಲವೂ ಬೇಕು. ಬೆರಳುಗಳ ಸ್ಥಿತಿಗೆ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿ. ಮುಂದೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ್ದರೆ ಅದರ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಿ. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಯಿತೆಂಬ ಕಾರಣಕ್ಕೆ ನೋವು, ಕೆನ್ನೆಯ ಕಲೆ, ಕಳೆದುಕೊಂಡ ದುಡಿಮೆ ಉಚಿತವಾಗುವುದಿಲ್ಲ.

ಪೊಲೀಸ್ ದೂರು ಮತ್ತು ಸಿವಿಲ್ ದಾವೆಯ ದಾರಿಗಳೂ ಇವೆ. ಖೋಟಾ ಗುರುತಿನ ಕುಕ್ಕರ್ ಎಂದು ಖಚಿತವಾದರೆ ಠಾಣೆಗೆ ಹೋಗುವುದು ಸರಿ. ಸಿವಿಲ್ ನ್ಯಾಯಾಲಯದಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು, ನಿಮ್ಮಂಥವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಒಂದು ವಿಷಯ ಬೇರೆ ಓದುಗರಿಗಾಗಿ: ಸಿಡಿದದ್ದು ಕುಕ್ಕರ್ ಆಗಿರದೆ ಅಡುಗೆ ಅನಿಲದಿಂದಲೇ ಅವಘಡವಾಗಿದ್ದರೆ, ತೈಲ ಕಂಪನಿಗಳು ಮಾಡಿಸಿರುವ ವಿಮೆಯಿಂದ ಪರಿಹಾರ ಸಿಗುವ ಅವಕಾಶ ಪ್ರತ್ಯೇಕವಾಗಿದೆ. ವಿತರಕರಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು.

ಕೊನೆಗೆ ಮತ್ತೆ ನಿಮ್ಮ ತಾಯಿಯ ಮಾತಿಗೇ ಬರುತ್ತೇನೆ. ‘ನಾನೇ ಜಾಸ್ತಿ ಹಾಕಿದೆನೇನೋ’ ಎಂದು ಅವರು ಅಂಗಡಿಯವರ ಮುಂದೆ ಹೇಳದಿರಲಿ. ಅನುಮಾನದ ಮಾತು ನಾಳೆ ತಪ್ಪೊಪ್ಪಿಗೆಯಾಗಿ ಓದಿಸಿಕೊಳ್ಳುತ್ತದೆ. ಆಯೋಗದ ಮುಂದೆ ಮಾತ್ರ ಯಾವುದನ್ನೂ ಮುಚ್ಚಿಡುವುದು ಬೇಡ. ಕುಕ್ಕರ್ ಎಷ್ಟು ಲೀಟರಿನದು, ಕಾಳು ಎಷ್ಟು ಪಾವು, ನೀರು ಎಲ್ಲಿಯವರೆಗೆ, ಎಷ್ಟು ಸೀಟಿ ಆಗಿತ್ತು, ಸಿಡಿದಾಗ ತಾವು ಎಲ್ಲಿ ನಿಂತಿದ್ದರು, ಮುಚ್ಚಳ ಎತ್ತ ಹಾರಿತು, ಇವನ್ನು ಅವರ ಬಾಯಿಂದಲೇ ಕೇಳಿ, ಅವರು ಹೇಳಿದಂತೆಯೇ ಇವತ್ತು ರಾತ್ರಿ ಬರೆದಿಡಿ. ತೆಲುಗಿನಲ್ಲಿ ಹೇಳಿದರೆ ತೆಲುಗಿನ ಮಾತನ್ನೇ ಬರೆದುಕೊಳ್ಳಿ, ಕನ್ನಡಕ್ಕೆ ಆಮೇಲೆ ತರೋಣ.